ಅಡ್ಡಕ್ಕೆ ಓದಬೇಕಾದ ಲೆಕ್ಕ

ನಮ್ಮ ಕಡೆ ರೇಷ್ಮೆ ಹುಳ ಸಾಕುವ ಮನೆಯವರನ್ನು ಹುಳ ಹೇಗಿದೆ ಎಂದು ಕೇಳಬಾರದು. ಕೇಳಿದರೂ ಅವರು ನಿಜ ಹೇಳಬಾರದು. ಇದು ಎರಡೂ ಕಡೆಯವರಿಗೆ ಗೊತ್ತಿದ್ದ ಕಟ್ಟಳೆ. ತಟ್ಟೆಯ ತುಂಬ ಹುಳ ದಪ್ಪಗೆ ಬೆಳೆದು ಸೊಪ್ಪು ಮೇಯುತ್ತಿದ್ದರೂ ಮನೆಯೊಡತಿ ಬಾಗಿಲಿಗೆ ಅಡ್ಡ ನಿಂತು “ಎಲ್ಲಾ ಹೋಯ್ತು ಕಣಪ್ಪ” ಎನ್ನಬೇಕು. ಇಲ್ಲದಿದ್ದರೆ ದೃಷ್ಟಿಯಾಗುತ್ತದೆ. ಇಂಥ ಊರುಗಳಲ್ಲಿ ಐವತ್ತು ಮನೆ ಸುತ್ತಿ, ಯಾರ ಹುಳ ಉಳಿಯಿತು, ಯಾರದು ಸತ್ತಿತು ಎಂದು ಬರೆದುಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂತು. ಆ ಕೆಲಸವನ್ನು ಒಂದು ಮಟ್ಟಕ್ಕೆ ಚೆನ್ನಾಗಿಯೇ ಮಾಡಿದೆ. ಕೆಡಿಸಿದ್ದು ಆಮೇಲೆ. ಅಕ್ಕ ಇದ್ದಾಗ ಹೇಳಲು ಬಾಯಿ ಬರಲಿಲ್ಲ. ಈಗ ಬರೆಯುತ್ತಿದ್ದೇನೆ.

ಆಗ ಮಹಾರಾಜರ ಕಾಲ. ಈಗಿನ ರಾಮನಗರಕ್ಕೆ ಕ್ಲೋಸ್‌ಪೇಟೆ ಎನ್ನುತ್ತಿದ್ದರು, ಕನಕಪುರಕ್ಕೆ ಕಾನಕಾನಹಳ್ಳಿ. ನಮ್ಮ ಹಳ್ಳಿ ಕ್ಲೋಸ್‌ಪೇಟೆಯಿಂದ ಮಾಗಡಿಗೆ ಹೋಗುವ ಗಾಡಿದಾರಿಯ ಮೇಲಿತ್ತು. ಮನೆಗೆ ಯಜಮಾನ ಅಣ್ಣ. ಅವನು ನನ್ನನ್ನು ಹೊಗಳಿದ್ದು ನೆನಪಿಲ್ಲ. ಎತ್ತನ್ನು ಹೊಗಳಿದ್ದು ನೆನಪಿದೆ. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಅವಳನ್ನು ಕಾನಕಾನಹಳ್ಳಿ ಕಡೆ ಕೊಟ್ಟಿದ್ದರು. ಪ್ಲೇಗಿನಲ್ಲಿ ಭಾವ ಹೋದ ಮೇಲೆ ತವರಿಗೆ ಬಂದಳು. ಅತ್ತಿಗೆ ಅವಳಿಗೆ ದನದ ಕೊಟ್ಟಿಗೆ, ಬೀಸುವ ಕಲ್ಲು, ಬಾವಿ, ಈ ಮೂರನ್ನೂ ಒಪ್ಪಿಸಿ ತಾನು ನೆಮ್ಮದಿಯಾದಳು.

ಕೆರೆಯ ಕೆಳಗೆ ನಮಗೆ ಹಿಪ್ಪುನೇರಳೆಯ ಒಂದು ಸಣ್ಣ ತೋಟವಿತ್ತು. ಅಪ್ಪ ನೆಟ್ಟದ್ದು. ಹುಳದ ಸಹವಾಸ ಬೇಡವೆಂದು ಅಣ್ಣ ಅದರ ಸೊಪ್ಪನ್ನು ಆಡುಗಳಿಗೆ ಹಾಕುತ್ತಿದ್ದ. ಆ ತೋಟವನ್ನು ತನಗೆ ಬಿಟ್ಟುಕೊಡು ಎಂದು ಅಕ್ಕ ಒಂದು ವರ್ಷ ಅಣ್ಣನ ಹಿಂದೆ ಬಿದ್ದಳು. ಕೊನೆಗೆ ಅವನು ಊಟದ ಮಧ್ಯೆ ಹೇಳಿದ:

“ಒಂದು ಬೆಳೆ ತೆಗೆದು ತೋರ್ಸು. ಬಂದ್ರೆ ತೋಟ ನಿನ್ ಕೈಗೆ. ನಾನು ಅತ್ಲಾಗೆ ತಲೆ ಹಾಕಿ ಕೂಡ ಮಲಗಾಕಿಲ್ಲ. ಹೋದ್ರೆ ಗಿಡ ಕಿತ್ತು ರಾಗಿ ಹಾಕ್ತೀನಿ.”

“ಒಂದೇ ಬೆಳೆನಾ?”

“ಒಂದೇ. ಇನ್ನೊಂದು ಮುದ್ದೆ ಇಕ್ಕು.”

ಅಕ್ಕ ಇಕ್ಕಿದಳು. ಅಂದಿನಿಂದ ಅವಳಿಗೆ ಒಂದೇ ಯೋಚನೆ. ಬಿತ್ತನೆ ಯಾವುದು ತರುವುದು?

ಬಿತ್ತನೆಗೆ ಆಗ ಎರಡು ದಾರಿ. ಹಳೆಯ ದಾರಿ ಎಂದರೆ ಕುದೂರು ಸೀಮೆಯಿಂದ ಬಿತ್ತನೆ ಗೂಡು ತಂದು, ಮನೆಯಲ್ಲೇ ಚಿಟ್ಟೆ ಹೊರಡಿಸಿ, ಮೊಟ್ಟೆ ಇಡಿಸುವುದು. ಎಲ್ಲರೂ ಅಜ್ಜನ ಕಾಲದಿಂದ ಮಾಡಿದ್ದು ಅದನ್ನೇ. ಹೊಸ ದಾರಿ ಸರ್ಕಾರಿ ಹಾಳೆ. ಚಿಟ್ಟೆ ಮೊಟ್ಟೆ ಇಟ್ಟ ಮೇಲೆ ಆ ಚಿಟ್ಟೆಯನ್ನೇ ಅರೆದು, ಸೂಕ್ಷ್ಮದರ್ಶಕದಲ್ಲಿ ನೋಡಿ, ತಾಯಿಯಿಂದ ಮೊಟ್ಟೆಗೆ ಹತ್ತುವ ಗಂಟುರೋಗ ಇಲ್ಲವೆಂದು ಖಾತ್ರಿಯಾದರೆ ಮಾತ್ರ ಮೊಟ್ಟೆಯ ಹಾಳೆಗೆ ಮೊಹರು ಹಾಕಿ ಕೊಡುತ್ತಿದ್ದರು. ಹೆತ್ತ ತಾಯಿಯನ್ನು ಅರೆದು ನೋಡುತ್ತಾರಂತೆ ಎಂದು ಹೆಂಗಸರು ಕೆನ್ನೆ ಬಡಿದುಕೊಳ್ಳುತ್ತಿದ್ದರು. ಹಾಗಾಗಿ ಹಾಳೆ ತಂದವರು ಕಡಿಮೆ.

ಹಾಳೆ ಹಂಚಲು ಕ್ಲೋಸ್‌ಪೇಟೆಯಲ್ಲಿದ್ದವರನ್ನು ಊರವರು ಹುಳದ ಮೇಷ್ಟ್ರು ಎನ್ನುತ್ತಿದ್ದರು. ಕೋಟು, ರುಮಾಲು, ಮೂಗಿನ ಮೇಲೆ ಕನ್ನಡಕ. ಸುತ್ತಲ ಹಳ್ಳಿಗಳಲ್ಲಿ ಓದುಬರಹ ಬಲ್ಲ ಒಬ್ಬ ಬೇಕೆಂದು ಅವರು ಹುಡುಕುತ್ತಿದ್ದಾಗ ನಾನು ಸಿಕ್ಕೆ. ನಾನು ಓದಿದ್ದು ಕೂಲಿಮಠದಲ್ಲಿ ಮೂರು ವರ್ಷ. ಅದರಲ್ಲಿ ಒಂದು ವರ್ಷ ಐಗಳಿಗೆ ಚಳಿಜ್ವರ. ಇದನ್ನು ನಾನು ಅವರಿಗೆ ಹೇಳಲಿಲ್ಲ.

ಮೇಷ್ಟ್ರು ಒಂದು ಕಾಗದದ ಮೇಲೆ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು ನಾಲ್ಕು ಚೌಕ ಮಾಡಿದರು.

“ನೋಡಯ್ಯ, ಮೇಲಿನ ಅಡ್ಡಸಾಲು ಕುದೂರು ಗೂಡಿನವರದು. ಕೆಳಗಿನ ಅಡ್ಡಸಾಲು ಹಾಳೆಯವರದು. ಎಡಗಡೆ ಉದ್ದಸಾಲು ಬೆಳೆ ಬಂದವರದು, ಬಲಗಡೆ ಹೋದವರದು. ಒಂದೊಂದು ಮನೆಗೂ ಒಂದೊಂದೇ ಗೀಟು. ಎರಡು ಚೌಕದಲ್ಲಿ ಒಂದೇ ಮನೆ ಬರಕೂಡದು. ತಿಳೀತೆ?”

ತಿಳಿಯಿತು. ಕಾಗದ ಮಡಿಸಿಕೊಂಡು ಹೊರಟೆ. ಮೊದಲ ದಿನ ಹನ್ನೊಂದು ಮನೆ ಸುತ್ತಿದೆ. ಹನ್ನೊಂದೂ ಮನೆಯಲ್ಲಿ ಬೆಳೆ ಹೋಗಿತ್ತು. ಒಬ್ಬಳು ಮುದುಕಿಯಂತೂ ಸೆರಗಿನಿಂದ ಕಣ್ಣೊರಸಿಕೊಂಡು, “ಒಂದು ಹುಳಾನೂ ಉಳೀಲಿಲ್ಲ ಕಣ್ಮಗ, ತಿಪ್ಪೆಗೆ ಸುರ‍್ದು ಬಂದೆ” ಎಂದಳು. ಅವಳ ಬೆನ್ನ ಹಿಂದಿನ ಕೋಣೆಯಿಂದ ಹುಳ ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ಸೋನೆ ಬಿದ್ದ ಹಾಗೆ ಕೇಳುತ್ತಿತ್ತು.

“ಅದೇನಜ್ಜಿ ಸದ್ದು?”

“ಇಲಿ ಕಣಪ್ಪ.”

ಎರಡನೆಯ ದಿನ ಉಪಾಯ ಬದಲಿಸಿದೆ. ಅವರವರ ಮನೆಯದನ್ನು ಕೇಳದೆ ಪಕ್ಕದ ಮನೆಯದನ್ನು ಕೇಳಿದೆ. ಎಲ್ಲರೂ ಬಾಯಿ ತುಂಬ ಹೇಳಿದರು. ಪಕ್ಕದವರಿಗೆಲ್ಲ ಬೆಳೆ ಬಂದಿತ್ತು, ಚನ್ನಪಟ್ಟಣದಿಂದ ರೇಷ್ಮೆ ಬಿಚ್ಚುವವರು ಮನೆ ಬಾಗಿಲಿಗೆ ಬಂದು ಕಾದು ಕೂತಿದ್ದರು, ಹೆಂಡತಿಗೆ ಓಲೆ ಆಗಿತ್ತು. ಹೀಗೆ ಅದೇ ಹನ್ನೊಂದು ಮನೆ ಮೊದಲ ದಿನ ಪೂರಾ ಹೋಗಿ, ಎರಡನೆಯ ದಿನ ಪೂರಾ ಬಂತು. ಕಾಗದ ನೋಡಿಕೊಂಡು ಜಗಲಿಯಲ್ಲಿ ಕೂತಿದ್ದೆ. ಅಕ್ಕ ರಾಗಿ ಬೀಸುತ್ತಿದ್ದವಳು ಕಲ್ಲು ನಿಲ್ಲಿಸಿದಳು.

“ಬಾಯ್ನ ಯಾಕ್ಲಾ ಕೇಳ್ತೀಯ? ಚಂದ್ರಿಕೆ ನೋಡು.”

ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿಡುವ ದುಂಡನೆಯ ಬಿದಿರು ತಟ್ಟಿಗೆ ಚಂದ್ರಿಕೆ ಎನ್ನುತ್ತಾರೆ. ಅದನ್ನು ಕೋಣೆಯೊಳಗೆ ಇಡುವಂತಿಲ್ಲ, ಗಾಳಿ ಬೆಳಕಿಗೆ ಹೊರಗೆ ಒರಗಿಸಬೇಕು. ಬೆಳೆ ಹೋದವನಿಗೆ ಚಂದ್ರಿಕೆಯ ಕೆಲಸವೇ ಇಲ್ಲ. ಬಾಯಿ ಏನೇ ಹೇಳಲಿ, ಗೋಡೆ ಸುಳ್ಳು ಹೇಳುವುದಿಲ್ಲ. ಬಿತ್ತನೆ ಎಲ್ಲಿಂದ ತಂದಿರಿ ಎಂಬುದಕ್ಕೆ ಯಾವ ದೃಷ್ಟಿದೋಷವೂ ಇರಲಿಲ್ಲವಾದ್ದರಿಂದ ಅದನ್ನು ಎಲ್ಲರೂ ನಿಜವೇ ಹೇಳಿದರು. ಹದಿನೈದು ದಿನ ಗೋಡೆ ನೋಡುತ್ತ ತಿರುಗಿದೆ. ಗೋಡೆ ನೋಡಿಕೊಂಡು ಓಡಾಡುವವನು ಯಾರ ಮನೆಗೆ ಕನ್ನ ಹಾಕುವವನಿದ್ದಾನೋ ಎಂದು ಎರಡು ಊರಿನಲ್ಲಿ ನಾಯಿ ಬಿಟ್ಟರು. ಆದರೂ ಐವತ್ತು ಮನೆ ಮುಗಿಸಿದೆ.

ಕುದೂರು ಗೂಡಿನವರು ನಲವತ್ತು ಮನೆ. ಅದರಲ್ಲಿ ಇಪ್ಪತ್ತು ಮನೆಗೆ ಬೆಳೆ ಬಂದಿತ್ತು, ಇಪ್ಪತ್ತು ಮನೆಗೆ ಹೋಗಿತ್ತು. ಹಾಳೆಯವರು ಹತ್ತೇ ಮನೆ. ಎಂಟಕ್ಕೆ ಬಂದಿತ್ತು, ಎರಡಕ್ಕೆ ಹೋಗಿತ್ತು. ನಾಲ್ಕು ಚೌಕದಲ್ಲಿ ನಾಲ್ಕು ಅಂಕಿ. ಇಷ್ಟೇ.

ಕಾಗದ ಮೇಷ್ಟ್ರ ಕೈ ಸೇರುವ ಮೊದಲೇ ನಾನು ಅದನ್ನು ಚಾವಡಿಗೆ ಒಯ್ದೆ. ಅಣ್ಣನೂ ನಾಲ್ಕಾರು ಯಜಮಾನರೂ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಯಾರೂ ಕೇಳದಿದ್ದರೂ ನಿಂತು ಓದಿದೆ.

“ಬೆಳೆ ಬಂದ ಮನೆ ಇಪ್ಪತ್ತೆಂಟು. ಅದ್ರಾಗೆ ಇಪ್ಪತ್ತು ಮನೆ ಕುದೂರು ಗೂಡಿಂದು. ಎಂಟೇ ಎಂಟು ಹಾಳೇದು. ಇಪ್ಪತ್ತೆಲ್ಲಿ, ಎಂಟೆಲ್ಲಿ?”

ಒಬ್ಬ ಅಜ್ಜ ಕೇಳಿದ: “ಹೋದ ಮನೇಲಿ ಯಾವುದು ಎಷ್ಟೈತೆ?”

“ಅದನ್ಯಾಕಜ್ಜ ಕೇಳ್ತೀಯ? ಹೋಗಿದ್ದು ಹೋಯ್ತು.”

ಎಲ್ಲರೂ ನಕ್ಕರು. ಅಜ್ಜನೂ ನಕ್ಕ. ಅಣ್ಣ ಎಲೆಯಡಿಕೆ ಉಗುಳಿ ಬಂದು ನನ್ನ ಬೆನ್ನು ತಟ್ಟಿದ.

“ಪರವಾಗಿಲ್ಲ ಕಣ್ಲಾ. ನಿನ್ ತಲೇಲೂ ಒಸಿ ಏನೋ ಐತೆ.”

ಇಪ್ಪತ್ತೆರಡು ವರ್ಷ ಕಾದ ಮಾತು. ಅಂದು ನಾನು ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ.

ಸುದ್ದಿ ನನಗಿಂತ ಮೊದಲೇ ಮನೆ ತಲುಪಿತ್ತು. ಅಕ್ಕ, “ನಾನು ಹಾಳೆ ತರಾನ ಅನ್ಕಂಡಿದ್ದೆ ಕಣ್ಲಾ” ಎಂದಳು.

“ಹಾಳೆ ಎಂಟೇ ಅಕ್ಕಯ್ಯ. ಗೂಡು ಇಪ್ಪತ್ತು.”

“ನನಗೇನು ತಿಳೀತದೆ. ಓದ್ದೋನು ನೀನು. ಹಂಗಾರೆ ಕುದೂರು ಗೂಡೇ ತತ್ತಾ.”

ಮರುದಿನ ಕ್ಲೋಸ್‌ಪೇಟೆಗೆ ನಡೆದು ಮೇಷ್ಟ್ರಿಗೆ ಕಾಗದ ಕೊಟ್ಟೆ. ಅವರು ಅದನ್ನು ನೋಡುತ್ತಲೇ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಬಹಳ ಸಂತೋಷವಾಗಿತ್ತು.

“ಸರಿ, ಒಂದು ಪ್ರಶ್ನೆ. ಈ ಐವತ್ತು ಮನೆಯಲ್ಲಿ ಕಣ್ಣು ಮುಚ್ಚಿಕೊಂಡು ಒಂದು ಮನೆಗೆ ಹೋಗಿ ನಿಲ್ಲುತ್ತೀಯ. ಅದು ಬೆಳೆ ಬಂದ ಮನೆಯಾಗಿರುವ ಸಂಭವ ಎಷ್ಟು?”

“ಕಣ್ಯಾಕೆ ಮುಚ್ಚಬೇಕು ಸ್ವಾಮಿ? ಎಲ್ಲಾ ಮನೆ ನನಗೆ ಗೊತ್ತು.”

“ಗೊತ್ತಿಲ್ಲ ಅಂತ ಇಟ್ಟುಕೊ.”

“ಗೊತ್ತಿಲ್ದೋನಾದ್ರೆ ನನಗೆ ಈ ಕೆಲಸ ಯಾಕೆ ಕೊಟ್ರಿ?”

ಅವರು ನಿಟ್ಟುಸಿರುಬಿಟ್ಟು ತಾವೇ ಹೇಳಿದರು: ಐವತ್ತಕ್ಕೆ ಇಪ್ಪತ್ತೆಂಟು. ಅರ್ಧಕ್ಕಿಂತ ಒಂದಿಷ್ಟು ಹೆಚ್ಚು. ಆಮೇಲೆ ಕೆಳಗಿನ ಅಡ್ಡಸಾಲಿನ ಮೇಲೆ ಬೆರಳಿಟ್ಟು, “ಈಗ ನೋಡು ಹಾಳೆಯ ಪ್ರತಾಪ” ಎಂದರು.

ನನಗೆ ನಗು ಬಂತು. “ಪ್ರತಾಪ ಎಲ್ಲೈತೆ ಸ್ವಾಮಿ, ಬಂದಿರೋ ಇಪ್ಪತ್ತೆಂಟರಾಗೆ ಇಪ್ಪತ್ತು ಗೂಡಿನ್ದೇ ಅಲ್ವಾ?”

ಮೇಷ್ಟ್ರು ನನ್ನನ್ನು ಕರುಣೆಯಿಂದ ನೋಡಿದರು.

“ಮಾಗಡಿ ಸಂತೆಯಲ್ಲಿ ಜೇಬು ಕತ್ತರಿಸಿಕೊಂಡವರನ್ನು ಸಾಲಾಗಿ ನಿಲ್ಲಿಸು. ಬಹಳ ಜನ ರುಮಾಲು ಸುತ್ತಿದವರೇ ಇರುತ್ತಾರೆ. ಹಾಗಾದರೆ ರುಮಾಲು ಸುತ್ತಿದರೆ ಜೇಬು ಹೋಗುತ್ತದೆಯೇನಯ್ಯ?”

“ಇಲ್ಲ ಸ್ವಾಮಿ. ಸಂತೆಗೆ ಬರೋರೆಲ್ಲ ರುಮಾಲಿನೋರೇ.”

“ಹಾಂ. ಇಲ್ಲಿಯೂ ಅಷ್ಟೆ. ಗೂಡು ತಂದವರೇ ನಲವತ್ತು ಮನೆ. ಅದಕ್ಕೇ ಬಂದವರಲ್ಲೂ ಅವರೇ ಹೆಚ್ಚು, ಹೋದವರಲ್ಲೂ ಅವರೇ ಹೆಚ್ಚು. ಉದ್ದಕ್ಕೆ ಓದಬೇಡ, ಅಡ್ಡಕ್ಕೆ ಓದು. ಗೂಡು ತಂದರೆ ಬೆಳೆ ಬರುವ ಸಂಭವ ನಲವತ್ತಕ್ಕೆ ಇಪ್ಪತ್ತು, ಅರ್ಧ. ಹಾಳೆ ತಂದರೆ ಹತ್ತಕ್ಕೆ ಎಂಟು. ಹತ್ತು ಮನೆ ಸಾಲದು, ಇನ್ನೂ ನೋಡಬೇಕು ಅನ್ನು, ಒಪ್ಪುತ್ತೇನೆ. ಆದರೆ ನನ್ನ ತಂಗಿ ಕೇಳಿದರೆ ಯಾವುದು ತಾ ಅನ್ನುತ್ತೇನೆ, ಹೇಳು?”

ಅವರು ತಮ್ಮ ತಂಗಿಯ ಮಾತು ಯಾಕೆ ತೆಗೆದರೋ. ನನಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ಅಷ್ಟು ಚೆನ್ನಾಗಿ ಯಾವ ಲೆಕ್ಕವೂ ಅದುವರೆಗೆ ತಿಳಿದಿರಲಿಲ್ಲ. ಪಕ್ಕದ ಕೋಣೆಯಲ್ಲಿ ದಾರಕ್ಕೆ ಹಾಳೆಗಳು ನೇತುಬಿದ್ದಿದ್ದವು. ಮೊಹರು ಕೂಡ ಕಾಣುತ್ತಿತ್ತು. ನನ್ನ ಹೆಗಲಲ್ಲಿ ಅಕ್ಕ ಕೊಟ್ಟ ಚೀಲ. ಕೈ ಚಾಚಿ ಬೇಡಿದ್ದರೆ ಕೊಡುತ್ತಿದ್ದರು.

ಆದರೆ ಹಾಳೆ ಹಿಡಿದುಕೊಂಡು ಹೋದರೆ ಚಾವಡಿಯಲ್ಲಿ ಏನು ಹೇಳುವುದು? ಅಂದು ಓದಿದ್ದು ತಪ್ಪು, ಉದ್ದಕ್ಕೆ ಓದಿದ್ದೆ, ಅಡ್ಡಕ್ಕೆ ಓದಬೇಕಿತ್ತು ಎಂದೇ? ಅಣ್ಣ ಬೆನ್ನು ತಟ್ಟಿದ್ದು ಇನ್ನೂ ಬೆನ್ನಲ್ಲೇ ಇತ್ತು. ಹೊರಗೆ ಬಂದು ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅರ್ಧ ಎಂದರೇನು ಕಡಿಮೆಯೇ? ಎರಡರಲ್ಲಿ ಒಂದು ಮನೆಗೆ ಬರುತ್ತದೆ. ನಮ್ಮದು ಆ ಒಂದು ಮನೆ ಯಾಕಾಗಬಾರದು? ಹಾಳೆ ತಂದರೂ ಹತ್ತಕ್ಕೆ ಎರಡು ಹೋಗಿಯೇ ಇದೆಯಲ್ಲ. ಕಲಿತ ಲೆಕ್ಕವನ್ನು ನಾನು ಮೊದಲು ಉಪಯೋಗಿಸಿದ್ದು ಹೀಗೆ.

ಮಾಗಡಿಯವರೆಗೆ ಗಾಡಿ ಸಿಕ್ಕಿತು. ಅಲ್ಲಿಂದ ಮುಂದೆ ನಡೆದು ಕುದೂರು ಕಡೆಯ ಹಳ್ಳಿಯೊಂದರಿಂದ ಬಿತ್ತನೆ ಗೂಡು ತಂದೆ. ಅಕ್ಕ ಗೂಡನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲುಗಿಸಿ ನೋಡಿ, “ಚೆನ್ನಾಗೈತೆ ಕಣ್ಲಾ” ಎಂದಳು. ಚಿಟ್ಟೆ ಹೊರಟು ಮೊಟ್ಟೆ ಇಟ್ಟು ಅದು ಒಡೆಯುವವರೆಗೆ ಇನ್ನೂ ಇಪ್ಪತ್ತು ದಿನವಿತ್ತು. ಹೇಳಲು ಇಪ್ಪತ್ತು ದಿನ. ಆ ದಿನಗಳಲ್ಲಿ ನಾನು ಬಹಳ ಕೆಲಸ ಮಾಡಿದೆ. ತಟ್ಟೆಗೆ ಸಗಣಿ ಸಾರಿಸಿದೆ, ಕೋಣೆಗೆ ಸುಣ್ಣ ಹೊಡೆದೆ, ಸೊಪ್ಪು ಕೊಯ್ದೆ. ಅತ್ತಿಗೆಗೆ ಅನುಮಾನ ಬಂದು, “ಇವನಿಗೆ ಏನಾದ್ರೂ ಬಡಿದುಕೊಂಡೈತಾ?” ಎಂದು ಅಕ್ಕನನ್ನು ಕೇಳಿದಳು.

ಹುಳ ಮೂರು ಜ್ವರ ದಾಟಿತು. ಹುಳ ಸೊಪ್ಪು ಬಿಟ್ಟು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಎದ್ದರೆ ಬೆಳೆ ಕೈಗೆ ಬಂದ ಹಾಗೆ. ಅಕ್ಕ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ “ಎಲ್ಲಾ ಹೋಯ್ತು ಕಣವ್ವ” ಎಂದು ನಗುಮುಖದಲ್ಲಿ ಹೇಳುತ್ತಿದ್ದಳು. ನಾಲ್ಕನೆಯ ಜ್ವರಕ್ಕೆ ಕೂತಾಗ ಒಂದು ತಟ್ಟೆಯಲ್ಲೇ ಕೆಲವು ಹುಳ ಕಿರುಬೆರಳಷ್ಟು, ಕೆಲವು ಕಡ್ಡಿಯಷ್ಟು. ಮೈಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ. ಗಂಟುರೋಗ. ನಾಲ್ಕು ದಿನದಲ್ಲಿ ಎಲ್ಲವೂ ತಿಪ್ಪೆ ಸೇರಿತು. ಆಗ ಅಕ್ಕ ಹೇಳಿದ್ದನ್ನು ಯಾರೂ ನಂಬಲಿಲ್ಲ. ಬೀದಿಯಲ್ಲಿ ಸಿಕ್ಕವರಿಗೆ “ಎಲ್ಲಾ ಹೋಯ್ತು” ಎಂದರೆ, “ಹೂಂ ಕಣವ್ವ, ಹೋಗ್ದೆ ಇನ್ನೇನು” ಎಂದು ಕಣ್ಣು ಮಿಟುಕಿಸಿ ಹೋಗುತ್ತಿದ್ದರು. ಒಬ್ಬಳಂತೂ ತನ್ನ ಚಂದ್ರಿಕೆಗಳನ್ನು ಬಾಡಿಗೆಗೆ ಕೊಡಲೇ ಎಂದು ಕೇಳಿಕೊಂಡು ಬಂದಳು.

ಮೂರು ದಿನ ಕಳೆದ ಮೇಲೆ ಅಕ್ಕ ಒಂದು ಮಧ್ಯಾಹ್ನ ಮೊರ, ಹುರುಳಿಕಾಳು ತಂದು ನನ್ನ ಮುಂದೆ ಕೂತಳು.

“ಆ ಐವತ್ತು ಮನೆ ಲೆಕ್ಕ ಹೇಳು. ನಾನು ಮಡಗ್ತೀನಿ.”

ಮೊರದ ಮಧ್ಯೆ ಉದ್ದಕ್ಕೊಂದು, ಅಡ್ಡಕ್ಕೊಂದು ದಾರ ಎಳೆದಳು. ನಾನು ಹೇಳಿದ ಹಾಗೆ ಇಪ್ಪತ್ತು, ಇಪ್ಪತ್ತು, ಎಂಟು, ಎರಡು ಕಾಳು ಇಟ್ಟಳು. ಆಮೇಲೆ ಇನ್ನೊಂದು ಕಾಳು ತೆಗೆದು, ಗೂಡು ತಂದು ಬೆಳೆ ಹೋದವರ ಚೌಕದಲ್ಲಿ ಇಟ್ಟು, “ಇದು ನಂದು” ಎಂದಳು. ಇಪ್ಪತ್ತೊಂದಾಯಿತು. ಸ್ವಲ್ಪ ಹೊತ್ತು ಮೊರವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಆಮೇಲೆ ಕೆಳಗಿನ ಸಾಲಿನ ಮೇಲೆ ಅಂಗೈ ಮುಚ್ಚಿದಳು.

“ನಾನು ಗೂಡು ತಂದ್ಮ್ಯಾಕೆ ಈ ಮೇಲಿನ ಸಾಲಷ್ಟೇ ನಂದು. ಹಾಳೆಯೋರ ಕಾಳು ನನಗ್ಯಾಕೆ? ಇಲ್ಲಿ ಅರ್ಧಕ್ಕರ್ಧ ಸತ್ತವೆ.” ಕೈಯನ್ನು ಮೇಲಿನ ಸಾಲಿಗೆ ಬದಲಿಸಿದಳು. “ಹಾಳೆ ತಂದಿದ್ರೆ ಇಷ್ಟೇ ನಂದು. ಎರಡೇ ಸತ್ತವೆ. ನೀನು ಇಪ್ಪತ್ತು ಹೆಚ್ಚು ಅಂದ್ಯಲ್ಲ, ಅದು ಮನೆ ಹೆಚ್ಚು ಇರಾದ್ಕೆ ಕಣ್ಲಾ. ಬಂದಿದ್ರಾಗೂ ಹೆಚ್ಚು, ಹೋಗಿದ್ರಾಗೂ ಹೆಚ್ಚು.”

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಹೇಳಿದ್ದನ್ನು ಒಂದು ಅಕ್ಷರ ತಿಳಿಯದವಳು ಅಂಗೈಯಲ್ಲಿ ಮುಚ್ಚಿ ತೆರೆದು ತೋರಿಸಿದಳು. ನನ್ನ ಮುಖ ಏನಾಗಿತ್ತೋ.

“ಇದು ನಿನಗೆ ಯಾವಾಗ ತಿಳೀತು?” ಎಂದಳು.

ಅವಳು ಚುಚ್ಚಿ ಕೇಳಲಿಲ್ಲ. ಸುಮ್ಮನೆ ಕೇಳಿದಳು.

“ಈಗ್ಲೇ ಕಣಕ್ಕ. ನಿನ್ ಕೈ ನೋಡ್ದಾಗ.”

ಅವಳ ಮುಖ ಅರಳಿತು. ಅಷ್ಟು ದಿನಕ್ಕೆ ಮೊದಲ ಸಲ ನಕ್ಕಳು. “ನೋಡ್ದಾ, ಮೂರು ವರ್ಷ ಐಗಳು ಹೇಳ್ದೆ ಇರೋದ್ನ ನಾನು ಹೇಳ್ಕೊಟ್ಟೆ” ಎಂದು ಎದ್ದು ಹೋದವಳು ಸಂಜೆಯೊಳಗೆ ಇಡೀ ಬೀದಿಗೆ ಹೇಳಿದ್ದಳು. ಮುಂದೆ ಸಾಯುವವರೆಗೂ ಹೇಳಿದಳು. ಬೀಗರು, ನೆಂಟರು, ಅಣ್ಣನ ಮೊಮ್ಮಕ್ಕಳು ಎಲ್ಲರ ಮುಂದೆ ಮೊರ, ಹುರುಳಿ ಬರುತ್ತಿತ್ತು. ಕೊನೆಗೆ ನನ್ನ ಕಡೆ ತಿರುಗಿ “ಹೌದೋ ಅಲ್ವೋ ಕೇಳಿ ಇವನ್ನ” ಎನ್ನುತ್ತಿದ್ದಳು. ಹೌದು ಎನ್ನುತ್ತಿದ್ದೆ. ಒಂದು ಸುಳ್ಳನ್ನು ಇಷ್ಟು ಜನರ ಮುಂದೆ ಇಷ್ಟು ಸಲ ಯಾರೂ ರುಜು ಮಾಡಿರಲಾರರು.

ಆದರೂ ಆ ಸುಳ್ಳು ಅಷ್ಟು ದೊಡ್ಡದಲ್ಲ. ದೊಡ್ಡದು ಅದೇ ವಾರ ನಡೆಯಿತು. ಅಕ್ಕ ಮೊರ ಹಿಡಿದುಕೊಂಡೇ ಅಣ್ಣನ ಮುಂದೆ ಹೋದಳು.

“ತಪ್ಪು ಬಿತ್ತನೇದು ಕಣಣ್ಣ, ನನ್ ಕೈದಲ್ಲ. ಇನ್ನೊಂದು ಬೆಳೆ ಕೊಡು. ಈ ಸಲ ಹಾಳೆ ತತ್ತೀನಿ.”

ಅಣ್ಣ ಕಾಳುಗಳನ್ನು ನೋಡಿದ. ಅವನು ಕೆಟ್ಟವನಲ್ಲ, ಮಾತಿಗೆ ಕಟ್ಟುಬಿದ್ದವನು. ನನ್ನ ಕಡೆ ತಿರುಗಿ ಕೇಳಿದ:

“ಗೂಡು ತಾ ಅಂದೋನು ಇವನಲ್ವಾ? ಏನ್ಲಾ, ಗೊತ್ತಿದ್ದೂ ತಂದ್ಯಾ, ಗೊತ್ತಿಲ್ದೆ ತಂದ್ಯಾ? ಗೊತ್ತಿದ್ದೂ ತಂದಿದ್ರೆ ಅದು ಅವಳ ಬೆಳೆ ಅಲ್ಲ, ನಿನ್ ಬೆಳೆ. ಅವಳಿಗೆ ಇನ್ನೊಂದು ಕೊಡ್ಬೇಕಾಗ್ತದೆ.”

ಇಷ್ಟು ನ್ಯಾಯವಾಗಿ ಅಣ್ಣ ಹಿಂದೆಂದೂ ಮಾತಾಡಿರಲಿಲ್ಲ. ಒಂದು ಮಾತು ಸಾಕಿತ್ತು. ಅಕ್ಕ ನನ್ನ ಮುಖ ನೋಡುತ್ತಿದ್ದಳು. ಅವಳಿಗೆ ನನ್ನ ಮೇಲೆ ಅನುಮಾನವೇ ಇರಲಿಲ್ಲ.

“ಗೊತ್ತಿರ್ಲಿಲ್ಲ ಕಣಣ್ಣ” ಎಂದೆ.

“ಹಂಗಾರೆ ಬೆಳೆ ಅವಳದೇ” ಎಂದು ಅಣ್ಣ ಎದ್ದ.

ಹಿಪ್ಪುನೇರಳೆಯ ಬೇರು ಸುಲಭಕ್ಕೆ ಬರುವುದಿಲ್ಲ. ನಾನೂ ಅಣ್ಣನೂ ಮೂರು ದಿನ ಅಗೆದೆವು. ಮೂರನೆಯ ದಿನ ಅಕ್ಕ ತಲೆಯ ಮೇಲೆ ಅಂಬಲಿಯ ಮಡಕೆ ಹೊತ್ತು ಬಂದಳು. ಬದುವಿನ ಮೇಲೆ ಕೂತು, ಕಿತ್ತ ಬುಡಗಳನ್ನು ಒಂದು ಕಡೆ ಒಟ್ಟಿದಳು. ಅಣ್ಣ ಎತ್ತು ನೋಡಲು ಹೋದಾಗ ಅವಳ ಪಕ್ಕದಲ್ಲಿ ಕೂತೆ. ಹೇಳಿಬಿಡೋಣ ಎಂದು ಬಾಯಿ ತೆರೆದೆ.

“ಬಾಯಾರಿಕೆನಾ?” ಎಂದು ಅವಳು ಚೊಂಬಿಗೆ ಬಗ್ಗಿಸಿ ಕೊಟ್ಟಳು.

ಕುಡಿದೆ. ಇನ್ನೊಂದು ಚೊಂಬು ಕೊಟ್ಟಳು. ಅದನ್ನೂ ಕುಡಿದೆ. ಆಮೇಲೆ ಅಣ್ಣ ಬಂದ. ಮುಂಗಾರಿಗೆ ಅಲ್ಲಿ ರಾಗಿ ಬಿತ್ತಿದೆವು.